ಖಾರವಿಲ್ಲದ ಕೈಮಾ, ಬೆಣ್ಣೆ ಹಾಕಿದ ಆಲೂಗಡ್ಡೆ

ಪ್ರಶ್ನೆ: ನಾವು ಎರಡು ವರ್ಷಗಳಿಂದ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿದ್ದೇವೆ. ಮಗಳಿಗೆ ಐದು ವರ್ಷ, ಈ ಸಲ ಪ್ರೈಮರಿ ಒಂದಕ್ಕೆ ಸೇರಿದ್ದಾಳೆ. ಮಗನಿಗೆ ಎರಡೂವರೆ. ಶಾಲೆಯಲ್ಲಿ ಬಡಿಸುವ 'ಮಿನ್ಸ್ ಆಂಡ್ ಟ್ಯಾಟೀಸ್', ಅಂದರೆ ಕೈಮಾ ಮತ್ತು ಕಿವುಚಿದ ಆಲೂಗಡ್ಡೆ, ಮನೆಯಲ್ಲೂ ಬೇಕೆಂದು ಮಗಳ ಹಟ. ನಾವು ಮಾಂಸ ತಿನ್ನುತ್ತೇವೆ, ಆದರೆ ದನದ್ದು ಬೇಡ. ಕುರಿಯ ಕೈಮಾದಲ್ಲಿ ಎರಡು ಸಲ ಮಾಡಿ ನೋಡಿದೆ. ಮೊದಲ ಸಲ ಬೂದು ಬಣ್ಣಕ್ಕೆ ತಿರುಗಿ ನೀರುನೀರಾಯಿತು. ಎರಡನೆಯ ಸಲ ಸ್ವಲ್ಪ ಧನಿಯಾ ಪುಡಿ, ಚಿಟಿಕೆ ಗರಂ ಮಸಾಲೆ ಹಾಕಿದೆ. 'ಇದು ಅದಲ್ಲ' ಎಂದು ತಟ್ಟೆ ತಳ್ಳಿದಳು. ಹಾಸನದಿಂದ ಬಂದಿರುವ ಅತ್ತೆಯವರು 'ಖಾರವಿಲ್ಲದ ಕೈಮಾವೂ ಒಂದು ಅಡುಗೆಯೇ' ಎಂದು ನಗುತ್ತಾರೆ. ಮಸಾಲೆಯೇ ಇಲ್ಲದೆ ಇದಕ್ಕೆ ರುಚಿ ಬರುವುದು ಎಲ್ಲಿಂದ?

ಉತ್ತರ: ನಿಮ್ಮ ಮಗಳ ನಾಲಿಗೆ ಚುರುಕಾಗಿದೆ. ಧನಿಯಾ ಬಿದ್ದ ಗಳಿಗೆಯಲ್ಲೇ ಅದು ಕೈಮಾ ಪಲ್ಯವಾಯಿತು. ಒಳ್ಳೆಯ ಪಲ್ಯವೇ ಆಗಿರಬಹುದು, ಅವಳು ಕೇಳಿದ್ದು ಮಾತ್ರ ಅದಲ್ಲ. ಅತ್ತೆಯವರ ನಗುವೂ ಅರ್ಥವಾಗುವಂಥದ್ದೇ. ನಮ್ಮ ಅಡುಗೆಮನೆಯಲ್ಲಿ ರುಚಿಯ ಭಾರವನ್ನೆಲ್ಲ ರುಬ್ಬುಗಲ್ಲು ಹೊರುತ್ತದೆ. ಮಸಾಲೆ ಚೆನ್ನಾಗಿದ್ದರೆ ಈರುಳ್ಳಿ ಅರ್ಧಂಬರ್ಧ ಹುರಿದಿದ್ದರೂ ಯಾರಿಗೂ ತಿಳಿಯುವುದಿಲ್ಲ. ಈ ಸ್ಕಾಟಿಷ್ ಅಡುಗೆಯಲ್ಲಿ ಬಚ್ಚಿಟ್ಟುಕೊಳ್ಳಲು ಮಸಾಲೆಯ ಮರೆಯಿಲ್ಲ. ಇಲ್ಲಿನ ರುಚಿಯೆಲ್ಲ ಬಾಣಲೆಯ ತಳದಲ್ಲಿ ಕಂದಿ ಅಂಟುವ ಪದರದಿಂದ ಬರುತ್ತದೆ. ನೀವು ಮೊದಲ ಸಲ ತಪ್ಪಿದ್ದು ಅಲ್ಲಿಯೇ, ಮಸಾಲೆಯಲ್ಲಲ್ಲ.

ಬಾಣಲೆಗೆ ಬರುವ ಮುಂಚೆ ಶಾಲೆಯ ವಿಷಯ ಒಂದು ಮಾತು. ಸ್ಕಾಟ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ 2015ರ ಜನವರಿಯಿಂದ ಮೊದಲ ಮೂರು ತರಗತಿಗಳ ಎಲ್ಲ ಮಕ್ಕಳಿಗೂ ಮಧ್ಯಾಹ್ನದ ಊಟ ಉಚಿತ; 2022ರ ಹೊತ್ತಿಗೆ ಅದು ಐದನೆಯ ತರಗತಿಯವರೆಗೂ ಬಂತು. ಆದ್ದರಿಂದ ನಮ್ಮ ಮನೆಗಳ ಮಕ್ಕಳೂ ಡಬ್ಬಿ ಬಿಟ್ಟು ಅಲ್ಲಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ, ಅಲ್ಲಿನ ರುಚಿ ಮನೆಗೆ ಬರುತ್ತದೆ. ಈ ದೇಶದಲ್ಲಿ ಬರೀ 'ಮಿನ್ಸ್' ಎಂದರೆ ಸಾಮಾನ್ಯವಾಗಿ ದನದ ಮಾಂಸವೇ. ಕುರಿಯದಾದರೆ ಹಾಗೆಂದು ಬೇರೆಯಾಗಿ ಬರೆಯುತ್ತಾರೆ. ಇದು ನಿಮಗೆ ಗೊತ್ತಿದ್ದು ಬಿಟ್ಟಿದ್ದೀರೋ ಗೊತ್ತಿಲ್ಲದೆಯೋ ನಿಮ್ಮ ಪತ್ರದಿಂದ ತಿಳಿಯಲಿಲ್ಲ. ಬೇಡವೆನಿಸಿದರೆ ಶಾಲೆಯ ಕಚೇರಿಗೆ ಒಂದು ಚೀಟಿ ಬರೆದರೆ ಸಾಕು, ಬೇರೆ ಊಟ ಕೊಡುತ್ತಾರೆ. ಅದು ನಿಮ್ಮ ಮನೆಯ ತೀರ್ಮಾನ, ನಾನು ಅದರಲ್ಲಿ ತಲೆಹಾಕುವುದಿಲ್ಲ.

ಈಗ ಬೂದು ಬಣ್ಣದ ಕಥೆ. ಕೈಮಾದಲ್ಲಿ ನೀರಿನಂಶ ಬಹಳ. ಅರ್ಧ ಕಿಲೋ ಕೈಮಾವನ್ನು ಒಮ್ಮೆಲೇ ಚಿಕ್ಕ ಪಾತ್ರೆಗೆ ಸುರಿದರೆ ಪಾತ್ರೆ ತಣ್ಣಗಾಗುತ್ತದೆ, ಮಾಂಸ ನೀರು ಬಿಡುತ್ತದೆ. ಆ ನೀರು ಆರುವವರೆಗೆ ಬಾಣಲೆಯ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣವೂ ಹುರಿದ ಪರಿಮಳವೂ ಹುಟ್ಟಲು ಸುಮಾರು 140 ಡಿಗ್ರಿಯಾದರೂ ಬೇಕು. ಫ್ರಾನ್ಸಿನ ಲೂಯಿ ಕಾಮಿಲ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ರೊಟ್ಟಿಯ ಮೇಲಿನ ಕಂದು ಚುಕ್ಕೆಯೂ ಹುರಿದ ಕಾಫಿ ಬೀಜದ ವಾಸನೆಯೂ ಇದರದೇ ಫಲ. ಅಂದರೆ ನಿಮ್ಮ ಕೈಮಾ ಹುರಿಯಲೇ ಇಲ್ಲ, ತನ್ನದೇ ನೀರಿನಲ್ಲಿ ಬೆಂದಿತು.

ಹೀಗೆ ಮಾಡಿ. ನಾಲ್ಕೈದು ಜನರಿಗೆ 500 ಗ್ರಾಂ ಕುರಿ ಕೈಮಾ. ಇಲ್ಲಿನ ಅಂಗಡಿಗಳಲ್ಲಿ ಶೇಕಡಾ 20ರಷ್ಟು ಕೊಬ್ಬಿನದೂ ಸಿಗುತ್ತದೆ, 10ರಷ್ಟರದೂ ಸಿಗುತ್ತದೆ. ಕಡಿಮೆ ಕೊಬ್ಬಿನದನ್ನೇ ತನ್ನಿ. ಕುರಿಯ ಕೊಬ್ಬು ಸ್ವಲ್ಪ ಆರಿದರೂ ಹೆಪ್ಪುಗಟ್ಟಿ ಅಂಗುಳಕ್ಕೆ ಮೇಣದ ಹಾಗೆ ಅಂಟುತ್ತದೆ. ಮಕ್ಕಳು ನಿಧಾನವಾಗಿ ತಿನ್ನುವವರು, ಅರ್ಧ ಊಟಕ್ಕೇ ಮುಖ ಸಿಂಡರಿಸುತ್ತಾರೆ. ಹಲಾಲ್ ಅಂಗಡಿಯವರ ಪರಿಚಯವಿದ್ದರೆ ತೊಡೆಯ ಮಾಂಸವನ್ನು ಕಣ್ಣೆದುರೇ ಕೈಮಾ ಮಾಡಿಸಿಕೊಳ್ಳುವುದು ಇನ್ನೂ ಮೇಲು.

ಅಗಲವಾದ, ದಪ್ಪ ತಳದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ. ಒಂದು ಚಮಚ ಎಣ್ಣೆ ಹಾಕಿ, ಕೈಮಾದ ಅರ್ಧವನ್ನು ಮಾತ್ರ ತೆಳುವಾಗಿ ಹರಡಿ. ಇನ್ನು ಕೈ ಕಟ್ಟಿ ನಿಂತುಕೊಳ್ಳಿ. ನಮಗೆ ಇದೇ ಕಷ್ಟ. ಸೌಟು ಕೈಯಲ್ಲಿದ್ದರೆ ಕಲಕದೆ ಇರಲಾರೆವು. ಮೂರು ನಾಲ್ಕು ನಿಮಿಷ ಮುಟ್ಟಬೇಡಿ. ಚೊಯ್ಯೆನ್ನುವ ಸದ್ದು ಬದಲಾಗಿ ಪಟಪಟ ಸಿಡಿಯಲು ಶುರುವಾದಾಗ ತಳ ಕಂದಿದೆ ಎಂದು ತಿಳಿಯಿರಿ. ಆಗ ಮಗುಚಿ, ಒಡೆದು, ಇನ್ನೊಂದೆರಡು ನಿಮಿಷ ಬಿಟ್ಟು ತೆಗೆದಿಡಿ. ಉಳಿದರ್ಧಕ್ಕೂ ಇದೇ ಉಪಚಾರ. ಹೆಚ್ಚಾದ ಕೊಬ್ಬನ್ನು ಬಸಿದು, ಒಂದು ಚಮಚದಷ್ಟನ್ನು ಮಾತ್ರ ಬಾಣಲೆಯಲ್ಲಿ ಉಳಿಸಿಕೊಳ್ಳಿ.

ಅದೇ ಬಾಣಲೆಗೆ ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿ, ಸಣ್ಣ ಉರಿ, ಹನ್ನೆರಡರಿಂದ ಹದಿನೈದು ನಿಮಿಷ. ಐದು ನಿಮಿಷಕ್ಕೆ ಮುಗಿಸುವ ಹಾಗಿದ್ದರೆ ಈ ಅಡುಗೆಗೆ ಕೈಹಾಕದಿರುವುದೇ ವಾಸಿ. ಈರುಳ್ಳಿ ಬಿಡುವ ನೀರು ತಳಕ್ಕೆ ಅಂಟಿದ ಕಂದು ಪದರವನ್ನೆಲ್ಲ ಎಬ್ಬಿಸುತ್ತದೆ. ಮರದ ಸೌಟಿನಿಂದ ಕೆರೆದು ಬೆರೆಸಿ. ಈರುಳ್ಳಿ ಬೆಲ್ಲದ ಬಣ್ಣಕ್ಕೆ ಬಂದಾಗ ಬಟಾಣಿ ಕಾಳಿನಷ್ಟೇ ಚಿಕ್ಕದಾಗಿ ಹೆಚ್ಚಿದ ಎರಡು ಕ್ಯಾರೆಟ್ ಹಾಕಿ. ಜೊತೆಗೆ ಸಿಕ್ಕಿದರೆ ಒಂದು ಹಿಡಿ 'ನೀಪ್' ತುಂಡು ಇರಲಿ. ನೀಪ್ ಎಂದರೆ ಒಳಗೆ ಹಳದಿಯಿರುವ ದಪ್ಪ ಗೆಡ್ಡೆ. ಅಂಗಡಿಯಲ್ಲಿ ಸ್ವೀಡ್ ಎಂದು ಬರೆದಿರುತ್ತಾರೆ, ಸ್ಕಾಟರು ಟರ್ನಿಪ್ ಎನ್ನುತ್ತಾರೆ, ಇಂಗ್ಲಿಷರ ಟರ್ನಿಪ್ಪು ಬಿಳಿಯದು. ಈ ಗೊಂದಲದಲ್ಲಿ ನಾನು ಮೊದಲ ವರ್ಷ ಬಿಳಿ ಗೆಡ್ಡೆಯನ್ನೇ ತಂದು ಬೇಯಿಸಿದ್ದೆ. ನೆರೆಮನೆಯ ಅಜ್ಜಿ ಪಾತ್ರೆಗೆ ಇಣುಕಿ ನೋಡಿ ಏನೂ ಹೇಳದೆ, ಮರುದಿನ ಒಂದು ಹಳದಿ ಗೆಡ್ಡೆಯನ್ನು ನಮ್ಮ ಬಾಗಿಲಲ್ಲಿ ಇಟ್ಟು ಹೋಗಿದ್ದರು.

ಕೈಮಾವನ್ನು ಮತ್ತೆ ಸೇರಿಸಿ, ಸುಮಾರು 450 ಮಿಲಿಲೀಟರ್ ಬಿಸಿ ನೀರು ಅಥವಾ ಉಪ್ಪಿಲ್ಲದ ಸ್ಟಾಕ್ (ಮೂಳೆ, ತರಕಾರಿ ಕುದಿಸಿ ಬಸಿದ ರಸ) ಹಾಕಿ, ಒಂದು ಪಲಾವ್ ಎಲೆ, ಚಿಟಿಕೆ ಬಿಳಿ ಮೆಣಸಿನ ಪುಡಿ. ಮಸಾಲೆ ಎಂದರೆ ಇಷ್ಟೇ. ಅರೆಮುಚ್ಚಿ, ಸಣ್ಣ ಉರಿಯಲ್ಲಿ ನಲವತ್ತರಿಂದ ನಲವತ್ತೈದು ನಿಮಿಷ. ಕುಕ್ಕರಿನಲ್ಲಿ ಕೂಗಿಸಬಹುದಲ್ಲವೇ ಎಂದು ನೀವು ಕೇಳುವ ಮುಂಚೆಯೇ ಹೇಳುತ್ತೇನೆ: ಮಾಂಸ ಬೇಯುತ್ತದೆ, ರಸ ಗಟ್ಟಿಯಾಗುವುದಿಲ್ಲ. ಮತ್ತೆ ಹತ್ತು ನಿಮಿಷ ತೆರೆದು ಕುದಿಸಬೇಕಾಗುತ್ತದೆ. ಅವಸರದ ಸಂಜೆಗೆ ಸರಿ, ಭಾನುವಾರಕ್ಕೆ ಬೇಡ.

ರಸವನ್ನು ಗಟ್ಟಿ ಮಾಡಲು ಹೆಚ್ಚಿನ ಮನೆಗಳಲ್ಲಿ ಈಗ ಬಿಸ್ಟೋದಂಥ ಗ್ರೇವಿ ಹರಳು ಉದುರಿಸುತ್ತಾರೆ. ಶಾಲೆಯ ತಟ್ಟೆಯಲ್ಲಿ ನಿಮ್ಮ ಮಗಳು ನೋಡಿದ ಹೊಳೆಯುವ ಕಂದು ಬಣ್ಣವೂ ಅಂಥದ್ದರಿಂದಲೇ ಬಂದಿರಬಹುದು. ನನಗೆ ಹಿಡಿಸುವುದು ಹಳೆಯ ದಾರಿ, ಓಟ್ಸ್. ಸ್ಕಾಟ್ಲೆಂಡಿನ ತಂಪು ನೆಲದಲ್ಲಿ ಗೋಧಿಗಿಂತ ಓಟ್ಸ್ ಸುಲಭವಾಗಿ ಬೆಳೆಯುತ್ತಿತ್ತು, ಬಡವರ ಮನೆಯ ದಿನದ ಕಾಳು ಅದೇ ಆಗಿತ್ತು. ನಮ್ಮ ಕಡೆ ರಾಗಿ ಇದ್ದ ಹಾಗೆ. ಅಂಗಡಿಯಲ್ಲಿ ಓಟ್‌ಮೀಲ್ ಎಂದು ಕೇಳಿ. ಗಂಜಿಗೆ ಬಳಸುವ ಚಪ್ಪಟೆ ಓಟ್ಸ್ ಅಲ್ಲ, ಕಾಳನ್ನು ಒಡೆದದ್ದು. 'ಪಿನ್‌ಹೆಡ್' ಎಂದರೆ ಅಪ್ಪಟ ನುಚ್ಚು. 'ಮೀಡಿಯಂ' ಎಂದರೆ ತರಿ. ತರಿಯನ್ನು ಎರಡು ಚಮಚದಷ್ಟು, ಇನ್ನು ಇಪ್ಪತ್ತು ನಿಮಿಷ ಬೇಯಲಿದೆ ಎನ್ನುವಾಗ ಒಣಗಿದ ಹಾಗೆಯೇ ಉದುರಿಸಿ ಕಲಕಿ. ರಸ ದಪ್ಪವಾಗುವುದಲ್ಲದೆ ಹುರಿದ ಕಾಳಿನಂಥ ಒಂದು ಮೆಲುರುಚಿ ಬರುತ್ತದೆ. ಚಪ್ಪಟೆ ಓಟ್ಸ್ ಮಾತ್ರ ಮನೆಯಲ್ಲಿದ್ದರೆ ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ ಹಾಕಿ, ಕೊಂಚ ಲೋಳೆಯಾಗುತ್ತದೆ ಅಷ್ಟೇ. ಗ್ಲುಟನ್ ಒಗ್ಗದ ಮಕ್ಕಳು ಊಟಕ್ಕೆ ಬರುವುದಿದ್ದರೆ ಓಟ್ಸ್ ಪೊಟ್ಟಣದ ಮೇಲಿನ ಬರಹವನ್ನು ಓದಿಯೇ ಬಳಸಿ.

ಉಪ್ಪಿನ ಮಾತಿಗೆ ಬಂದರೆ ನಾನು ಸ್ವಲ್ಪ ಗಡುಸಾಗುತ್ತೇನೆ. ಬ್ರಿಟನ್ನಿನ ಆರೋಗ್ಯ ಸೇವೆಯ ಲೆಕ್ಕದಲ್ಲಿ ಒಂದರಿಂದ ಮೂರು ವರ್ಷದ ಮಗುವಿಗೆ ಇಡೀ ದಿನಕ್ಕೆ 2 ಗ್ರಾಂ, ನಾಲ್ಕರಿಂದ ಆರು ವರ್ಷದವರಿಗೆ 3 ಗ್ರಾಂ ಉಪ್ಪು ಮಿತಿ. ನಿಮ್ಮ ಮಗನ ಮಿತಿ ಒಂದು ಚಿಕ್ಕ ಚಮಚದ ಅರ್ಧಕ್ಕೂ ಕಡಿಮೆ, ಅದರಲ್ಲಿ ಬ್ರೆಡ್ಡು, ಚೀಸು, ಬಿಸ್ಕತ್ತುಗಳ ಉಪ್ಪೂ ಸೇರಿದೆ. ಮಾಮೂಲಿ ಸ್ಟಾಕ್ ಕ್ಯೂಬುಗಳ ತೂಕದಲ್ಲಿ ದೊಡ್ಡ ಪಾಲು ಉಪ್ಪೇ. ಒಂದು ಸಲ ನಾನು ಎರಡು ಕ್ಯೂಬ್ ಹಾಕಿ, ಅಭ್ಯಾಸಬಲದಿಂದ ಮೇಲೆ ಉಪ್ಪನ್ನೂ ಹಾಕಿದ್ದೆ; ಆ ರಾತ್ರಿ ಮಕ್ಕಳು ನೀರು ಕೇಳಿ ಕೇಳಿ ನನ್ನನ್ನು ಮಲಗಗೊಡಲಿಲ್ಲ. ಕ್ಯೂಬ್ ಬೇಕೇ ಬೇಕೆಂದರೆ ಉಪ್ಪು ಕಡಿಮೆಯಿರುವ ಬಗೆ ತನ್ನಿ, ಇಲ್ಲವೇ ಬರೀ ನೀರು ಹಾಕಿ. ಬಾಣಲೆಯ ತಳ ಕಂದಿದ್ದರೆ ನೀರೇ ಸ್ಟಾಕ್ ಆಗುತ್ತದೆ. ಮಕ್ಕಳ ಪಾಲನ್ನು ತೆಗೆದಿಟ್ಟ ಮೇಲೆ ದೊಡ್ಡವರ ಪಾಲಿಗೆ ಉಪ್ಪು ಹಾಕಿ.

ಇನ್ನು 'ಟ್ಯಾಟಿ', ಅಂದರೆ ಸ್ಕಾಟರ ಬಾಯಲ್ಲಿ ಆಲೂಗಡ್ಡೆ. ಅತ್ತೆಯವರು ಹಾಸನದವರು ಎಂದಿರಿ, ಆಲೂಗಡ್ಡೆಯ ಜಿಲ್ಲೆಯಿಂದ ಬಂದವರಿಗೆ ನಾನು ಹೇಳಿಕೊಡಬೇಕಾದ್ದು ಕಡಿಮೆ. ಆದರೂ ಒಂದು ಸಂಗತಿ ಅವರಿಗೆ ಇಷ್ಟವಾಗಬಹುದು: ಸ್ಕಾಟ್ಲೆಂಡಿನ ಶಾಲೆಗಳ ಅಕ್ಟೋಬರ್ ರಜೆಗೆ ಇಂದಿಗೂ 'ಟ್ಯಾಟಿ ಹಾಲಿಡೇಸ್' ಎನ್ನುವವರಿದ್ದಾರೆ. ಹೊಲದಲ್ಲಿ ಆಲೂಗಡ್ಡೆ ಆರಿಸಲು ಮಕ್ಕಳ ಕೈ ಬೇಕಾಗುತ್ತಿದ್ದ ಕಾಲದ ಹೆಸರು ಅದು. ಇದೇ ಬೆಳೆಯನ್ನು ನೆಚ್ಚಿಕೊಂಡಿದ್ದ ಸ್ಕಾಟ್ಲೆಂಡಿನ ಬೆಟ್ಟಗುಡ್ಡಗಳ ಹೈಲ್ಯಾಂಡ್ಸ್ ಸೀಮೆ 1846ರಲ್ಲಿ ಗಡ್ಡೆಗೆ ರೋಗ ಬಿದ್ದು ಹಸಿವಿನಿಂದ ನರಳಿತ್ತು, ಸಾವಿರಾರು ಜನ ಊರು ಬಿಟ್ಟರು. ಇಷ್ಟು ಸಾದಾ ಊಟದ ಮೇಲೆ ಈ ಜನಕ್ಕೆ ಇಷ್ಟೊಂದು ಮಮತೆ ಏಕೆ ಎಂದು ಕೇಳಿದರೆ ನನಗೆ ತೋಚುವ ಉತ್ತರ ಅದೇ.

ಕಿವುಚಿದರೆ ಹಿಟ್ಟುಹಿಟ್ಟಾಗುವ ಜಾತಿ ಬೇಕು: ಮಾರಿಸ್ ಪೈಪರ್, ರೂಸ್ಟರ್, ಸಿಕ್ಕಿದರೆ ಕೆರ್ಸ್ ಪಿಂಕ್. ಸಲಾಡಿಗೆಂದು ಮಾರುವ ಚಿಕ್ಕ ನುಣುಪು ಗಡ್ಡೆಗಳು ಬೇಡ. ಒಂದು ಕಿಲೋ ಗಡ್ಡೆಯ ಸಿಪ್ಪೆ ತೆಗೆದು, ಒಂದೇ ಗಾತ್ರಕ್ಕೆ ಹೋಳು ಮಾಡಿ, ತಣ್ಣೀರಿನಲ್ಲೇ ಒಲೆಗಿಡಿ. ಕುದಿವ ನೀರಿಗೆ ಹಾಕಿದರೆ ಹೊರಗೆ ಕರಗಿ ಒಳಗೆ ಗಟ್ಟಿ ಉಳಿಯುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ಬೆಂದಾಗ ನೀರು ಬಸಿದು, ಗಡ್ಡೆಯನ್ನು ಅದೇ ಬಿಸಿ ಪಾತ್ರೆಗೆ ಮರಳಿ ಹಾಕಿ ಎರಡು ನಿಮಿಷ ಸಣ್ಣ ಉರಿಯಲ್ಲಿ ಹಬೆ ಆರಲು ಬಿಡಿ. ಈ ಎರಡು ನಿಮಿಷ ಉಳಿಸಿದವರ ಪಾಲಿಗೆ ನೀರಾದ ಗಂಜಿ. ಆಮೇಲೆ ಮೊದಲು 40 ಗ್ರಾಂ ಉಪ್ಪಿಲ್ಲದ ಬೆಣ್ಣೆ, ನಂತರ 100 ಮಿಲಿಲೀಟರ್ ಬಿಸಿ ಹಾಲು. ಕಿವುಚುವುದಕ್ಕೆ ಊರಿನಿಂದ ಮಸ್ಸೊಪ್ಪು ಮಸೆಯುವ ಕೋಲು ತಂದಿದ್ದರೆ ಅದೇ ಸಾಕು. ಮಿಕ್ಸಿಗೆ ಮಾತ್ರ ಹಾಕಬೇಡಿ. ಅದರ ಅಲಗು ಪಿಷ್ಟದ ಕಣಗಳನ್ನೆಲ್ಲ ಸೀಳಿ, ಆಲೂಗಡ್ಡೆ ಗೋಡೆಗೆ ಚೀಟಿ ಅಂಟಿಸುವ ಗೋಂದಾಗುತ್ತದೆ.

ಬಡಿಸುವುದಕ್ಕೂ ಒಂದು ಕ್ರಮವಿದೆ, ಅದನ್ನು ನಿಮ್ಮ ಮಗಳೇ ನಿಮಗೆ ಹೇಳಿಕೊಡುತ್ತಾಳೆ. ತಟ್ಟೆಯ ನಡುವೆ ಆಲೂಗಡ್ಡೆಯ ಗುಡ್ಡೆ, ಚಮಚದ ಬೆನ್ನಿನಿಂದ ಅದರಲ್ಲೊಂದು ಗುಳಿ, ಗುಳಿಗೆ ಮಿನ್ಸ್ ಮತ್ತು ರಸ. ಮುದ್ದೆಯ ನಡುವೆ ಬೆರಳಿಟ್ಟು ಗುಳಿ ಮಾಡಿ ತುಪ್ಪ ಹಾಕಿಕೊಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಳಿಯ ಕಟ್ಟೆ ಒಡೆದು ರಸ ಹರಿಯುವುದನ್ನು ನೋಡುವುದೇ ಅರ್ಧ ಊಟ. ಕಟ್ಟೆ ಕಟ್ಟುವ ಕೆಲಸವನ್ನು ಮಕ್ಕಳಿಗೇ ಬಿಡಿ. ಪಕ್ಕದಲ್ಲಿ ಬೇಯಿಸಿದ ಹಸಿರು ಬಟಾಣಿ. ಮಗನಿಗೆ ಬಟಾಣಿಯನ್ನು ಚಮಚದಲ್ಲಿ ಒತ್ತಿ ಅಪ್ಪಚ್ಚಿ ಮಾಡಿ ಕೊಡಿ, ಕ್ಯಾರೆಟ್ ಬೆರಳಲ್ಲಿ ಒತ್ತಿದರೆ ಹಿಸುಕಿ ಹೋಗುವಷ್ಟು ಬೆಂದಿರಲಿ.

ಚಳಿ ಜೋರಾದ ದಿನ 'ಡೋಬಾಲ್' ಸೇರಿಸಬಹುದು. ಇದು ನಮ್ಮ ಕಡುಬಿನ ದೂರದ ನೆಂಟ. 100 ಗ್ರಾಂ ಸೆಲ್ಫ್ ರೈಸಿಂಗ್ ಹಿಟ್ಟು (ಬೇಕಿಂಗ್ ಪೌಡರ್ ಬೆರೆತ ಮೈದಾ), 50 ಗ್ರಾಂ ಸೂಯೆಟ್, ಕಲಸಲು ಬೇಕಾಗುವಷ್ಟು ತಣ್ಣೀರು. ಮಾಮೂಲಿ ಸೂಯೆಟ್ ದನದ ಕೊಬ್ಬು, ಆದ್ದರಿಂದ ನಿಮಗೆ ಬೇಕಾದದ್ದು ಸಸ್ಯಜನ್ಯ ಸೂಯೆಟ್, ಅಥವಾ ಫ್ರಿಜ್ಜಿನಿಂದ ತೆಗೆದ ಬೆಣ್ಣೆಯನ್ನು ತುರಿದು ಹಾಕಿ. ನಿಂಬೆಗಾತ್ರದ ಉಂಡೆಗಳನ್ನು ಕುದಿಯುವ ಮಿನ್ಸ್ ಮೇಲೆ ಇಟ್ಟು, ಮುಚ್ಚಳ ಮುಚ್ಚಿ ಇಪ್ಪತ್ತು ನಿಮಿಷ ಬೇಯಿಸಿ. ನಡುವೆ ಮುಚ್ಚಳ ತೆಗೆದು ನೋಡಿದರೆ ಉಂಡೆ ಮುದುಡಿಕೊಳ್ಳುತ್ತದೆ. ಕಡುಬಿನ ಪಾತ್ರೆ ಕಾದವರಿಗೆ ಈ ಶಿಸ್ತು ಗೊತ್ತು.

ಉಳಿದದ್ದನ್ನು ಎಸೆಯುವ ಪ್ರಶ್ನೆಯೇ ಇಲ್ಲ, ಏಕೆಂದರೆ ಮರುದಿನದ 'ಸ್ಟೋವೀಸ್' ಎಷ್ಟೋ ಜನರಿಗೆ ಮೊದಲ ದಿನದ ಊಟಕ್ಕಿಂತ ಪ್ರಿಯ. ಈರುಳ್ಳಿಯನ್ನು ಬೆಣ್ಣೆಯಲ್ಲಿ ಮೆತ್ತಗಾಗಿಸಿ, ಹಸಿ ಆಲೂಗಡ್ಡೆಯ ಬಿಲ್ಲೆಗಳನ್ನು ಹಾಕಿ, ತಳ ಮುಚ್ಚುವಷ್ಟೇ ನೀರು ಹಾಕಿ ಮುಚ್ಚಿಡಿ. ಆಲೂಗಡ್ಡೆ ಬೆಂದು ಅರ್ಧ ಕುಸಿದಾಗ ಉಳಿದ ಮಿನ್ಸ್ ಬೆರೆಸಿ ಕುದಿಸಿ. ಗಡ್ಡೆ ಪೂರ್ತಿ ಕರಗಬೇಕೋ ಹೋಳು ಉಳಿಯಬೇಕೋ ಎಂಬ ಬಗ್ಗೆ ಮನೆಮನೆಗೂ ಜಗಳವಿದೆ, ಹುಳಿ-ಸಾಂಬಾರಿನ ಬಗ್ಗೆ ನಮ್ಮಲ್ಲಿರುವಂಥದ್ದೇ. ನಿಮ್ಮ ಅಬರ್ಡೀನ್ ಕಡೆ ಇದರ ಜೊತೆಗೆ ಓಟ್‌ಕೇಕ್ ಮತ್ತು ಬೀಟ್‌ರೂಟ್ ಇಡುತ್ತಾರೆ. ಒಂದೇ ಎಚ್ಚರಿಕೆ: ಕೈಮಾದ ಅಡುಗೆಯನ್ನು ರಾತ್ರಿಯಿಡೀ ಒಲೆಯ ಮೇಲೆ ಬಿಡಬೇಡಿ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಲಿ, ಎರಡು ದಿನದಲ್ಲಿ ಮುಗಿಯಲಿ, ಒಂದೇ ಸಲ ಬಿಸಿಯಾಗಲಿ, ಅದೂ ಹಬೆಯಾಡುವಷ್ಟು. ಮರುಬಿಸಿ ಮಾಡಿದ ಊಟ 82 ಡಿಗ್ರಿ ಮುಟ್ಟಬೇಕೆಂದು ಸ್ಕಾಟ್ಲೆಂಡಿನ ಹೋಟೆಲುಗಳಿಗೆ ಕಾನೂನೇ ಇದೆ. ಇಂಗ್ಲೆಂಡಿನ ಕಾನೂನಿನಲ್ಲಿ ಆ ಅಂಕಿ ಇಲ್ಲ.

ಸಸ್ಯಾಹಾರಿ ನೆಂಟರು ಬಂದರೆ ಕೈಮಾದ ಜಾಗಕ್ಕೆ ಬೇಯಿಸಿದ ಇಡೀ ಮಸೂರ, ಜೊತೆಗೆ ಸಣ್ಣಗೆ ಕೊಚ್ಚಿ ನೀರಾರುವ ತನಕ ಹುರಿದ ಅಣಬೆ. ಸೋಯಾ ಹರಳನ್ನು ಬಳಸುವವರಿದ್ದಾರೆ. ಚೆನ್ನಾಗಿ ಹಿಂಡಿ ಹುರಿಯದಿದ್ದರೆ ಒದ್ದೆ ಸ್ಪಂಜು ಅಗಿದ ಹಾಗಿರುತ್ತದೆ, ನನಗೆ ಸೇರದು. ಓಟ್ಸ್ ತರಿ, ಈರುಳ್ಳಿ, ತಾಳ್ಮೆ ಎಲ್ಲ ಹಾಗೆಯೇ.

ಮೊದಲ ಸಲವೇ ಶಾಲೆಯ ರುಚಿ ಬರುತ್ತದೆಂದು ನಾನು ಮಾತು ಕೊಡಲಾರೆ. ಕುರಿಯ ವಾಸನೆಯೇ ಬೇರೆ, ಮಗಳು ಮೂಸಿ ನೋಡಿ ಕಂಡುಹಿಡಿದರೂ ಕಂಡುಹಿಡಿದಾಳು. ಕೇಳಿದರೆ ಇದು ಕುರಿಯದು ಎಂದು ನೇರವಾಗಿ ಹೇಳಿ. ಆಲೂಗಡ್ಡೆ ಕಿವುಚುವ ಕೆಲಸ ಅವಳದಾಗಿದ್ದರೆ ಎರಡು ತುತ್ತಾದರೂ ತಿನ್ನುತ್ತಾಳೆ. ಅತ್ತೆಯವರ ತಟ್ಟೆಯ ಅಂಚಿಗೆ ಊರಿಂದ ತಂದ ಮಿಡಿ ಉಪ್ಪಿನಕಾಯಿ ಬಡಿಸಿ. ಸಂಪ್ರದಾಯ ಕೆಟ್ಟಿತೆಂದು ಯಾವ ಸ್ಕಾಟನೂ ದೂರಲಾರ, ಅವರೂ ಇದರ ಪಕ್ಕ ವಿನಿಗರ್‌ನಲ್ಲಿ ನೆನೆಸಿದ ಬೀಟ್‌ರೂಟ್ ಇಟ್ಟುಕೊಂಡೇ ತಿನ್ನುವುದು.